ಮೊದಲು ಕಬ್ಬು ಮುಟ್ಟಿದವನು

ಕಾಳಿಮುತ್ತು ತಾತನಿಗೆ ಕೂರಬೇಕಾಗಿತ್ತು. ಇಡೀ ಬದುಕಿನಲ್ಲಿ ಅವನು ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದಕ್ಕೇ ಎಂದು ನನ್ನ ಅಪ್ಪ ಹೇಳುತ್ತಿದ್ದ. ಗದ್ದೆ ಬೇಕು ಅನ್ನಲಿಲ್ಲ, ಹೆಂಚಿನ ಮನೆ ಬೇಕು ಅನ್ನಲಿಲ್ಲ. ಎಲ್ಲಾದರೂ ಒಂದು ನೆರಳು, ನೆರಳಿನಲ್ಲಿ ಒಂದು ಮುಕ್ಕಾಲಿ, ಮುಕ್ಕಾಲಿಯ ಮೇಲೆ ತಾನು. ಇದೂ ಒಂದು ಆಸೆಯೇ ಎಂದು ನೀವು ಕೇಳಬಹುದು. ದಿನವಿಡೀ ಕೂತು ಕೆಲಸ ಮಾಡುವವರು ಕೇಳುವ ಪ್ರಶ್ನೆ ಅದು.

ತಾತ ಅಂದರೆ ನನ್ನ ಅಪ್ಪ ವೇಲುಸಾಮಿಯ ಸೋದರಮಾವ. ನಾವು ತಮಿಳು ಸೀಮೆಯ ಕಂಬಂ ಕಣಿವೆಯ ಕನ್ನಡ ಒಕ್ಕಲಿಗರು. ನಮ್ಮ ಹಿರೀಕರು ಈ ಕಣಿವೆಗೆ ಯಾವಾಗ ಬಂದರು ಎಂದು ಮುದುಕರನ್ನು ಕೇಳಿದರೆ, "ಆವು ಮುಂದೆ ಬಂದ್ವು, ನಾವು ಇಂದ್ಗಡೆ ಬಂದ್ವಿ" ಎನ್ನುವುದಷ್ಟೇ ಉತ್ತರ. ಆವು ಎಂದರೆ ಹಸು. ನಿಮ್ಮ ಕಡೆ ಹಳೆಯ ಪುಸ್ತಕ ಸೇರಿಕೊಂಡಿರುವ ಆ ಮಾತು ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಸಗಣಿ ಹಾಕುತ್ತಿದೆ. ಬೀದಿಗೆ ಇಳಿದರೆ ತಮಿಳು, ಮನೆಯೊಳಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಮನೆಮಾತಿನಲ್ಲಿ ಹೆತ್ತವರಿಗೂ ದೇವರಿಗೂ ಏಕವಚನವೇ ಆದ್ದರಿಂದ ತಾತನನ್ನು ಅವನು ಎಂದೇ ಬರೆಯುತ್ತೇನೆ. ಯಾರೂ ಬೇಸರಪಡಬೇಡಿ, ಅವನಂತೂ ಪಡುತ್ತಿರಲಿಲ್ಲ.

ನಾನು ಹೇಳುವುದು ಪೆರಿಯಾರ್ ಅಣೆಕಟ್ಟಿನ ನೀರು ನಮ್ಮ ಬಯಲಿಗೆ ಇಳಿದ ಹೊಸತರ ಮಾತು. ಗದ್ದೆ ಇದ್ದವರು ಎರಡನೇ ಬೆಳೆ ಕಂಡು ಮೀಸೆ ತಿರುವುತ್ತಿದ್ದ ಕಾಲ. ಗದ್ದೆ ಇಲ್ಲದವರಿಗೆ ನೀರು ಬಂದರೇನು, ಹೋದರೇನು. ಅವರು ಮೊದಲಿನಂತೆ ಪಕ್ಕದ ಗೂಡಲೂರಿಗೆ ನಡೆದು, ಅಲ್ಲಿಂದ ಕುಮಿಳಿ ಘಾಟಿ ಹತ್ತುವ ಗಾಡಿಗಳ ಹಿಂದೆ ಬಿದ್ದರು. ಮಲೆಯ ಮೇಲಿನ ತೋಟಗಳಿಗೆ ಅಕ್ಕಿ, ಉಪ್ಪು, ಒಣಮೀನು ಹತ್ತಬೇಕು. ಅಲ್ಲಿಂದ ಕಾಫಿ, ಏಲಕ್ಕಿ ಇಳಿಯಬೇಕು. ಅಂಥ ಒಂದು ತೋಟದ ಗಾಡಿ ಸಾಲಿಗೆ ತಾತ ಮೇಸ್ತ್ರಿಯಾಗಿದ್ದ.

ಮೇಸ್ತ್ರಿ ಅಂದರೆ ಮುಂದಿನ ಗಾಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ಹೋಗುವವನು ಎಂದು ಬಯಲಿನವರು ತಿಳಿದಿದ್ದರು. ಕೂರುವ ಮಾತೆಲ್ಲಿ ಬಂತು! ಏರುವಾಗ ಕೂತರೆ ಎತ್ತಿಗೆ ಪಾಪ, ಇಳಿಯುವಾಗ ಕೂತರೆ ಮನುಷ್ಯನಿಗೆ ಅಪಾಯ. ಒಂದೊಂದು ತಿರುವಿನಲ್ಲೂ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಮೇಲೆ ಹತ್ತಿ ನಿಂತ ಗಾಡಿಯ ಎತ್ತು ಬಿಚ್ಚಿ ತಂದು ಕೆಳಗಿನ ಗಾಡಿಗೆ ಕಟ್ಟಬೇಕು. ಇಳಿಯುವಾಗ ಗಾಡಿಯ ಹಿಂದೆ ಮರದ ದಿಮ್ಮಿ ಬಿಗಿದು ನೆಲಕ್ಕೆ ಎಳೆಸಬೇಕು, ಇಲ್ಲದಿದ್ದರೆ ಗಾಡಿಯೇ ಎತ್ತನ್ನು ತಳ್ಳಿಕೊಂಡು ಕಣಿವೆಗೆ ಹೋಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುತ್ತ ಮೇಸ್ತ್ರಿ ಸಾಲಿನ ತಲೆಯಿಂದ ಬಾಲಕ್ಕೆ, ಬಾಲದಿಂದ ತಲೆಗೆ ಓಡಾಡುತ್ತಲೇ ಇರಬೇಕು. ಮಳೆಯಲ್ಲಿ ಜಿಗಣೆ, ಬಿಸಿಲಲ್ಲಿ ಧೂಳು, ವರ್ಷಕ್ಕೊಮ್ಮೆ ತಪ್ಪದೆ ಮಲೆಜ್ವರ. ತಾತ ಮೀಸೆ ಮೂಡುವ ಮೊದಲೇ ಆ ದಾರಿ ಹಿಡಿದವನು. ಮೀಸೆ ನರೆಯುವ ಹೊತ್ತಿಗೆ ಅವನ ಮಂಡಿಗಳು ಕೆಟ್ಟಿದ್ದವು. ಏರುವಾಗ ಹೇಗೋ ಏರುತ್ತಿದ್ದ. ಇಳಿಯುವಾಗ ಒಂದೊಂದು ಹೆಜ್ಜೆಗೂ ಅವನ ಮುಖ ಕಿವುಚಿಕೊಳ್ಳುತ್ತಿತ್ತಂತೆ. ನೋಡುವವರಿಗೇ ಸುಸ್ತಾಗುತ್ತಿತ್ತು.

ಗೂಡಲೂರಿನಲ್ಲಿ, ಘಾಟಿಯ ಬುಡದಲ್ಲೇ ತೋಟದ ಗೋದಾಮು ಇತ್ತು. ಅದಕ್ಕೊಬ್ಬ ಕಾವಲಿನವನು. ಮೂಟೆ ಬಂದರೆ ಬಾಗಿಲು ತೆರೆಯಬೇಕು, ಹೋದ ಮೇಲೆ ಮುಚ್ಚಬೇಕು, ಮಿಕ್ಕ ಹೊತ್ತು ಬೇವಿನ ಮರದ ಕೆಳಗೆ ಮುಕ್ಕಾಲಿ ಹಾಕಿಕೊಂಡು ಕೂತಿರಬೇಕು. ಆ ಮುದುಕ ಕಣ್ಣು ಮಂಜಾಗಿ ಬತ್ತಲಗುಂಡಿನ ಮಗಳ ಮನೆ ಸೇರಿಕೊಂಡ. ಮುಕ್ಕಾಲಿ ಖಾಲಿಯಾಯಿತು. ಆ ಸುದ್ದಿ ಕೇಳಿದ ದಿನ ತಾತ ಮನೆಗೆ ಬಂದು ಹೆಂಡತಿ ವೆಳ್ಳೈಯಮ್ಮಾಳ್ ಹತ್ತಿರ ಹೇಳಿದ್ದು ಇಷ್ಟು: "ಕೇಳಿ ನೋಡ್ತೀನಿ. ಕೊಟ್ರೆ ದಿನಾ ಮನೇಗೆ ಬಂದು ಉಣ್ತೀನಿ." ವೆಳ್ಳೈಯಮ್ಮಾಳ್ ಅಂದೇ ಹೋಗಿ ಬೀದಿಯಲ್ಲೆಲ್ಲ ಹೇಳಿ ಬಂದಳು. ಹೆಂಗಸರ ಬಾಯಿ ಎಂದು ಗಂಡಸರು ನಕ್ಕರು. ಅವಳು ಮದುವೆಯಾದಾಗಿನಿಂದ ಅರ್ಧ ಸಂಸಾರ ಮಾಡಿದವಳು. ಮಿಕ್ಕ ಅರ್ಧ ಘಾಟಿಯ ಮೇಲಿತ್ತು.

ತೋಟಕ್ಕೆ ಆಗ ತಾನೇ ಹೊಸ ದೊರೆ ಬಂದಿದ್ದ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಿಳಿಯ ದೊರೆ ಕಥೆಯೊಳಗೆ ಕಾಲಿಟ್ಟ ಕೂಡಲೇ ಚಾಟಿ ಎಲ್ಲಿ ಎಂದು ಹುಡುಕುವ ಅಭ್ಯಾಸ ಕೇಳುವವರಿಗಿದೆ. ಇವನ ಕೈಯಲ್ಲಿ ಚಾಟಿ ಇರಲಿಲ್ಲ, ಮರದ ಒಂದು ಪೆಟ್ಟಿಗೆ ಇತ್ತು. ಸೀಮೆಯಿಂದ ತಂದದ್ದು. ಪೆಟ್ಟಿಗೆಯೊಳಗೆ ಚಿತ್ರವಿಚಿತ್ರ ಮೂಲೆಗಳಾಗಿ ಕೊಯ್ದ ತುಂಡುಗಳು. ಎಲ್ಲವನ್ನೂ ಹೊರಗೆ ಸುರಿದು, ಒಂದೂ ಮೇಲೆ ಎದ್ದು ನಿಲ್ಲದಂತೆ ಮತ್ತೆ ಒಳಗೆ ಕೂರಿಸಿ ಮುಚ್ಚಳ ಹಾಕಬೇಕು. ಬೇಗ ಹಾಕಿದವನಿಗೆ ಬುದ್ಧಿ ಜಾಸ್ತಿ, ತಡಮಾಡಿದವನಿಗೆ ಕಡಿಮೆ, ಹಾಕಲಾರದವನಿಗೆ ಇಲ್ಲ. ಸೀಮೆಯಲ್ಲಿ ಈಗ ಓದಿದವರು ಮನುಷ್ಯರ ಬುದ್ಧಿಯನ್ನು ಹೀಗೆ ಅಳೆಯಲು ಹೊರಟಿದ್ದಾರೆ, ನಮ್ಮ ದೊರೆಗೂ ಅದರ ಹುಚ್ಚು ಹತ್ತಿದೆ ಎಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ತಾತನಿಗೆ ಹೇಳಿದ.

ತಾತ ಗೋದಾಮಿನ ಕೆಲಸ ಕೇಳಿದಾಗ ದೊರೆ ಕೂಡಲೇ ಒಪ್ಪಿದ. ಆದರೆ ಒಂದು ಕಟ್ಟಳೆ ಹಾಕಿದ. ಮೇಸ್ತ್ರಿಯ ಜಾಗಕ್ಕೆ ಗಾಡಿಯವರಲ್ಲೇ ಒಬ್ಬ ಬುದ್ಧಿವಂತ ಸಿಗಬೇಕು. ಯಾರೆಂದು ತಾತ ಹೇಳಕೂಡದು, ರೈಟರ್ ಹೇಳಕೂಡದು, ಪೆಟ್ಟಿಗೆ ಹೇಳಬೇಕು. ಸಿಕ್ಕಿದ ದಿನವೇ ತಾತ ಮಲೆ ಇಳಿಯಬಹುದು.

ಇದರಿಂದ ತಾತನಿಗೆ ಬೇಸರವಾಯಿತು ಎಂದುಕೊಂಡಿರಾ? ಅವನಿಗೆ ದೊರೆಗಿಂತ ಹೆಚ್ಚು ಖುಷಿಯಾಯಿತು. ಹಿಂದೆಲ್ಲ ಕೆಲಸ ಸಿಗುತ್ತಿದ್ದದ್ದು ಬಾಯಿಮಾತಿನ ಮೇಲೆ. ಹಳೆಯ ಮೇಸ್ತ್ರಿಯೊಬ್ಬ ಹೆಂಡತಿಯ ತಮ್ಮನನ್ನು ತಂದು ಗಾಡಿಗೆ ಹಾಕಿದ್ದ. ಅವನು ಕಳ್ಳು ಕುಡಿದು, ದಿಮ್ಮಿ ಕಟ್ಟದೆ ಗಾಡಿ ಇಳಿಸಿದ. ತಾನು ಹಾರಿಕೊಂಡು ಬದುಕಿದ, ಜೋಡಿ ಎತ್ತು ಕಣಿವೆಗೆ ಹೋದವು. ಆ ಎತ್ತುಗಳು ಕೆಳಗಿನಿಂದ ಕೂಗಿದ ಕೂಗು ನನ್ನ ಅಪ್ಪನಿಗೆ ಮುದುಕನಾದ ಮೇಲೂ ಕೇಳುತ್ತಿತ್ತು. ತಾತನ ಮನಸ್ಸಿನಲ್ಲಿದ್ದದ್ದು ನನ್ನ ಅಪ್ಪನೇ. ಎತ್ತಿನ ಮೇಲೆ ಕೈಮಾಡದವನು, ಗಾಡಿ ಜಾರಿದರೂ ದನಿ ಏರಿಸದವನು, ಮೂಟೆ ಪೇರಿಸಿದರೆ ಘಾಟಿ ಮುಗಿಯುವವರೆಗೆ ಕದಲದು. ಆದರೆ ಅಕ್ಕನ ಮಗನನ್ನು ತಾನೇ ಕೂರಿಸಿದರೆ ಊರು ಏನನ್ನುತ್ತದೆ? ಮಾವ ಇಳಿದ, ಅಳಿಯ ಏರಿದ, ಹಳೇ ಕಥೆಯೇ ತಾನೆ ಅನ್ನುತ್ತದೆ. ಪೆಟ್ಟಿಗೆ ಹೇಳಿದರೆ ಎಲ್ಲರ ಬಾಯಿಯೂ ಮುಚ್ಚುತ್ತದೆ. ಹಿಂದೆ ಒಮ್ಮೆ ಬಂಗಲೆಯ ಜಗಲಿಯಲ್ಲಿ ಕಾಯುತ್ತ ನಿಂತಾಗ ರೈಟರ್ ಆ ಪೆಟ್ಟಿಗೆಯನ್ನು ತಾತನ ಕೈಗೆ ಕೊಟ್ಟಿದ್ದ. ಸ್ವಲ್ಪ ಹೊತ್ತಿನಲ್ಲೇ ಮುಚ್ಚಳ ಕೂತಿತ್ತು. ಇದು ಮೂಟೆ ಪೇರಿಸುವ ಕೆಲಸವೇ, ದೊಡ್ಡವು ಮೂಲೆಗೆ, ಸಣ್ಣವು ಸಂದಿಗೆ. ವೇಲುಸಾಮಿ ಎಲೆಅಡಿಕೆ ಅಗಿದು ಉಗಿಯುವುದರೊಳಗೆ ಮುಗಿಸುತ್ತಾನೆ ಎಂದು ತಾತ ಧೈರ್ಯವಾಗಿದ್ದ.

ಹಿಂದಿನ ಸಂಜೆ ಗೋದಾಮಿನ ಅಂಗಳದಲ್ಲಿ ಗಾಡಿಯವರನ್ನೆಲ್ಲ ಸೇರಿಸಿ ವಿಷಯ ಹೇಳಿದ. ಎಲ್ಲ ನಮ್ಮವರೇ.

"ನಾಳೆ ದೊರೆ ಬುದ್ಧಿ ಅಳೀತಾನೆ," ಅಂದ.

"ಬುದ್ಧೀನ ಎಂಗೆ ಅಳೀತಾನೆ ಮೇಸ್ತ್ರಿ? ಪಡೀಲಾ?" ಎಂದು ಕೇಳಿದವನು ಆಂಡಿ. ಅಕ್ಕಿ ಅಳೆಯುವ ಪಡಿ ಬಿಟ್ಟರೆ ಬೇರೆ ಅಳತೆ ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆಬಾಕ, ಆದರೆ ಹೊಟ್ಟೆಕಿಚ್ಚಿಲ್ಲದವನು. ಯಾವ ಪಾತ್ರೆ ಕಂಡರೂ ಮೊದಲು ಮುಚ್ಚಳ ತೆಗೆದು ನೋಡುವವನು.

ತಾತ ಮರದ ತುಂಡುಗಳ ವಿಷಯ ಹೇಳಿದ. ಅವರಿಗೆ ಅರ್ಥವಾಗಲಿಲ್ಲ. ಗಾಡಿ ಹೊಡೆಯುವವನಿಗೆ ಮರದ ತುಂಡೇಕೆ? ಅದು ಮಕ್ಕಳ ಆಟವಲ್ಲವೇ? ಎತ್ತು ಹಿಡಿದು ತೋರಿಸು ಅಂದರೆ ತೋರಿಸುತ್ತೇವೆ, ಚಕ್ರ ಬಿಚ್ಚಿ ಹಾಕು ಅಂದರೆ ಹಾಕುತ್ತೇವೆ. ನನ್ನ ಅಪ್ಪ ಕೂಡ, "ಅದು ಬಂದ್ರೆ ಏನು, ಬರ್ಲಿಲ್ಲಾಂದ್ರೆ ಏನು ಮಾಮಾ? ಗಾಡಿ ಓಡ್ಸೋದು ನೀನು ಪಾತ್ತಿಲ್ವಾ?" ಅಂದ, ನೋಡಿಲ್ಲವೇ ಎಂದು. ತಾತ ಮತ್ತೆ ಹೇಳಿದ, ಬೇರೆ ಥರ ಹೇಳಿದ, ಕೊನೆಗೆ ಬೇಸತ್ತ. ದಿನವಿಡೀ ಘಾಟಿ ಇಳಿದು ಬಂದ ಮಂಡಿಗಳು ನಿಲ್ಲಗೊಡುತ್ತಿರಲಿಲ್ಲ. ಬೇಗ ಮುಗಿಸಿದರೆ ಸಾಕಾಗಿತ್ತು. ಆಗ ಅವನ ಬಾಯಿಂದ ಆ ಮಾತು ಬಂತು.

"ಅಯ್ಯೋ, ನಮ್ಮ ದೇವ್ರಾವಿಗೆ ಕಬ್ಬು ಇಡ್ತೀವಲ್ಲಡಾ, ಅಂಗೇ ಅಂತ ವೆಚ್ಕೊಳ್ಳಿ. ದೊರೆ ಕಬ್ಬು ಇಡ್ತಾನೆ. ಯಾರು ಬತ್ತಾನೋ ಅವನು."

ಎಲ್ಲರ ಮುಖವೂ ಬೆಳಗಿತು. ಓ, ಹಾಗೆ ಹೇಳು ಮತ್ತೆ!

ಇದೇನೆಂದು ಹೊರಗಿನವರಿಗೆ ಹೇಳಬೇಕು. ಕಂಬಂನಲ್ಲಿ ನಮ್ಮವರಿಗೆ ದೇವರ ದನಗಳ ಹಿಂಡು ಒಂದಿದೆ. ಆ ದನಗಳನ್ನು ಯಾರೂ ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಆ ಹಿಂಡಿಗೆ ಒಂದು ಪಟ್ಟದ ಗೂಳಿ. ಅದು ಸತ್ತರೆ ಹೊಸದನ್ನು ನಾವು ಆರಿಸುವುದಿಲ್ಲ. ಒಳ್ಳೆಯ ದಿನ ನೋಡಿ ಹಿಂಡನ್ನೆಲ್ಲ ಸೇರಿಸಿ, ಕರ್ಪೂರ ಹಚ್ಚಿ, ಒಂದು ಕಟ್ಟು ಕಬ್ಬು ಮುಂದೆ ಇಟ್ಟು ಕೈಮುಗಿದು ನಿಲ್ಲುತ್ತೇವೆ. ಯಾವ ಗೂಳಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಕೊಂಬು ಸಣ್ಣದು, ಬೆನ್ನಿನ ಹಿಣಿಲು ಸೊಟ್ಟ ಎಂದು ಯಾರೂ ಅನ್ನುವಂತಿಲ್ಲ, ಏಕೆಂದರೆ ಅದನ್ನು ಕರೆತಂದದ್ದು ದೇವರು. ಒಂದು ಬಾಯಿ ಹಾಕಿದ ಮೇಲೆ ಇನ್ನೊಂದನ್ನು ಕಬ್ಬಿನ ಕಡೆಗೆ ಅಟ್ಟುವುದು ಮಹಾಪಾಪ. ಹಿಂದೆ ಯಾವನೋ ತನ್ನ ಮನೆಯಿಂದ ಬಿಟ್ಟ ಗೂಳಿಗೆ ಪಟ್ಟವಾಗಲಿ ಎಂದು ಹಾಗೆ ಅಟ್ಟಿದನಂತೆ. ಅವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯಲಿಲ್ಲವಂತೆ. ನಮ್ಮಲ್ಲಿ ಮಕ್ಕಳಿಗೆ ಗುಮ್ಮನಿಗಿಂತ ಮೊದಲು ಹೇಳುವ ಕಥೆ ಇದು.

ತಾತ ಹೇಳಿದ್ದು ಒಂದು ಹೋಲಿಕೆ. ಅವರು ಕೇಳಿಸಿಕೊಂಡದ್ದು ಒಂದು ಕಟ್ಟಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೆಳಿಗ್ಗೆ ಎಲ್ಲರೂ ತಲೆಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಏನೂ ತಿನ್ನದೆ ಬಂದು ನಿಂತರು. ದೊರೆಯ ಮುಂದೆ ಹೋಗಲು ಮರ್ಯಾದೆಯಾಗಿ ಬಂದಿದ್ದಾರೆ ಎಂದುಕೊಂಡು ತಾತ ಹಿಗ್ಗಿದ. ದೊರೆ ಕುದುರೆಯಿಂದಿಳಿದು, ಗೋದಾಮಿನ ಜಗಲಿಯ ಮೇಲೆ ಪೆಟ್ಟಿಗೆ ಇಡಿಸಿದ. ತಾನು ಎದುರಿಗೆ ನಿಂತು ನೋಡಿದರೆ ಇವರು ಹೆದರುತ್ತಾರೆ, ಹೆದರಿದವನ ಬುದ್ಧಿ ಓಡುವುದಿಲ್ಲ. ಆದ್ದರಿಂದ ತಾನು ಒಳಗೆ ಕೂತಿರುತ್ತೇನೆ, ಒಬ್ಬೊಬ್ಬನಾಗಿ ಮಾಡಲಿ, ಮುಗಿಸಿದವನು ಕೂಗಲಿ ಎಂದು ರೈಟರ್ ಕೈಲಿ ಹೇಳಿಸಿದ. ಎಷ್ಟು ಒಳ್ಳೆಯ ಮನಸ್ಸು ನೋಡಿ. ಅವನು ಎದುರಿಗೇ ನಿಂತಿದ್ದರೆ ಬಹುಶಃ ಹೆದರಿಕೆಗಾದರೂ ಎಲ್ಲರೂ ಕೈ ಹಾಕುತ್ತಿದ್ದರು.

ದೊರೆ ಒಳಗೆ ಹೋದ. ಯಾರೂ ಕದಲಲಿಲ್ಲ. ಕಬ್ಬಿನ ಹತ್ತಿರ ಯಾರೂ ಆತುರಪಡಬಾರದು. ಆಂಡಿಗೆ ಬೆಳಗಿನಿಂದ ಹೊಟ್ಟೆಗೆ ಇಲ್ಲ, ನಿಂತಲ್ಲಿ ನಿಲ್ಲಲಾರ. ಜಗಲಿಗೆ ಹತ್ತಿರ ನಿಂತವನೂ ಅವನೇ. ಮುಚ್ಚಿದ ಪೆಟ್ಟಿಗೆ ಕಣ್ಣೆದುರಿಗಿತ್ತು. ಕೈ ಚಾಚಿ ಮುಚ್ಚಳ ತೆಗೆದ.

ಮಿಕ್ಕವರೆಲ್ಲ ಹಿಂದೆ ಸರಿದು ಕೈಮುಗಿದರು.

ಆಂಡಿ ತುಂಡುಗಳನ್ನು ಸುರಿದ. ಒಂದನ್ನು ತಿರುಗಿಸಿ ನೋಡಿದ, ಮೂಸಿದ, ಒಳಗಿಟ್ಟ. ಇನ್ನೊಂದು ಇಟ್ಟ. ಮೂರನೆಯದು ಹಿಡಿಸಲಿಲ್ಲ. ಹಾಗಿಟ್ಟ, ಹೀಗಿಟ್ಟ, ಹೆಬ್ಬೆರಳಿನಿಂದ ಒತ್ತಿದ. ಅವನ ಕೈಯಲ್ಲಿ ಆಗುವುದಿಲ್ಲ ಎಂದು ತಾತನಿಗೆ ತಿಳಿಯಿತು. ಪಾಪ, ಸಾಕು ಎಂದು ಅವನನ್ನು ಬಿಡಿಸಿ ನನ್ನ ಅಪ್ಪನ ಕಡೆ ತಿರುಗಿದ.

"ವೇಲುಸಾಮಿ, ನೀನು ಬಾ."

ಅಪ್ಪ ಬರಲಿಲ್ಲ. "ಆಂಡಿ ಕೈ ಇಟ್ಬಿಟ್ಟಾನೆ ಮಾಮಾ," ಅಂದ.

"ಇಟ್ರೆ? ಅವನ ಕೈಲಿ ಆಗ್ಲಿಲ್ಲ. ಈಗ ನೀನು ಇಡು."

"ಅವನು ಮುಟ್ಟಿದ ಮೇಲೆ ನಾನು ಎಂಗೆ ಮುಟ್ಲಿ? ನೀನು ತಾನೆ ಕಬ್ಬು ಅಂದೆ?"

"ಕಬ್ಬು ಅಂದ್ರೆ ಕಬ್ಬಲ್ಲಡಾ! ಅದು ಸುಮ್ನೆ ಒಂದು ಮಾತಿಗೆ."

"ದೇವ್ರಾವಿನ ಮಾತು ಸುಮ್ನೆ ಒಂದು ಮಾತಾ ಮಾಮಾ?"

ತಾತನೂ ಅದೇ ಹಿಂಡಿನ ಮುಂದೆ ಕೈಮುಗಿದು ಬೆಳೆದವನು. ಬೇರೆಯವರನ್ನು ಕರೆದ, ಬೈದ, ಕೊನೆಗೆ ಬೇಡಿಕೊಂಡ. ಇದು ಬರೀ ಮರ, ಸೀಮೆಯ ಮರ, ಇದರಲ್ಲಿ ದೇವರಿಲ್ಲ ಎಂದ. ಅವರು ತಲೆತಗ್ಗಿಸಿ ಕೇಳಿದರು, ಕೈ ಮಾತ್ರ ಮುಗಿದಂತೆಯೇ ಇತ್ತು. ಒಬ್ಬ ಹಿರಿಯ, "ವೇಣಾಂ ಮೇಸ್ತ್ರಿ, ಮಕ್ಕಳೊಂದಿಗ ನಾವು," ಅಂದ. ಬೇಡ, ನಾವು ಮಕ್ಕಳೊಂದಿಗರು. ಆಂಡಿಯ ಮುಖದಲ್ಲೂ ಏನೋ ಬದಲಾಗಿತ್ತು. ಮೊದಲು ಪೆಚ್ಚಾಗಿದ್ದವನು ಈಗ ಬೆನ್ನು ನೆಟ್ಟಗೆ ಮಾಡಿಕೊಂಡು, ತುಂಡುಗಳ ಮುಂದೆ ಗಂಭೀರವಾಗಿ ನಿಂತಿದ್ದ. ಇಷ್ಟು ಜನ ಕೈಮುಗಿದು ನಿಂತರೆ ಯಾರಿಗಾದರೂ ತಾನೇ ಇರಬೇಕು ಅನ್ನಿಸುತ್ತದೆ.

ಎಷ್ಟು ಹೊತ್ತಾದರೂ ಯಾರೂ ಕೂಗದಿರಲು ದೊರೆ ಗಡಿಯಾರ ಹಿಡಿದು ಹೊರಗೆ ಬಂದ. ಜಗಲಿಯ ಮೇಲೆ ಚೆಲ್ಲಿದ ತುಂಡುಗಳು, ಅದರ ಮುಂದೆ ಒಬ್ಬ, ದೂರದಲ್ಲಿ ಕೈಮುಗಿದ ಸಾಲು. ಏನಾಯಿತು ಎಂದು ಕೇಳಿದ. ತಾತ ತಮಿಳಿನಲ್ಲಿ ಹೇಳಲು ಶುರುಮಾಡಿದ. ಹಿಂಡು, ಪಟ್ಟದ ಗೂಳಿ, ಕಬ್ಬು, ಪಾಪ, ತನ್ನ ಬಾಯಿಂದ ಬಂದ ಹೋಲಿಕೆ, ಎಲ್ಲ. ಅವನು ಹೇಳಿದ್ದು ಒಂದು ಮಾರು, ರೈಟರ್ ಇಂಗ್ಲಿಷಿನಲ್ಲಿ ಹೇಳಿದ್ದು ಒಂದು ಗೇಣು. ಒಬ್ಬನಿಂದ ಆಗಲಿಲ್ಲ, ಮಿಕ್ಕವರು ಪ್ರಯತ್ನಿಸಲು ಒಪ್ಪುತ್ತಿಲ್ಲ. ಅದು ಸುಳ್ಳಲ್ಲ. ರೈಟರಿಗೂ ಮಧ್ಯಾಹ್ನದೊಳಗೆ ಮಲೆ ಹತ್ತಬೇಕಿತ್ತು.

ದೊರೆ ಸಿಟ್ಟಾಗಲಿಲ್ಲ. ಅವನ ಮುಖ ಸಪ್ಪೆಯಾಯಿತು. ಇಷ್ಟು ಜನರಲ್ಲಿ ಒಬ್ಬನಿಗೂ ಇಲ್ಲವೇ ಎಂಬಂತೆ ಸಾಲನ್ನು ನೋಡಿದ. ಆಮೇಲೆ ಏನೋ ತೋಚಿದವನಂತೆ ತಾತನ ಕಡೆಗೆ ಬೆರಳು ಮಾಡಿ, ನೀನು ಮಾಡು ಎಂದ.

ಅಪ್ಪ ಇದನ್ನು ಹೇಳುವಾಗ ಪ್ರತಿ ಸಲವೂ ಇಲ್ಲಿ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಾತ ಮುಟ್ಟದಿದ್ದರೆ, ಈ ಜನಕ್ಕೇ ಬುದ್ಧಿಯಿಲ್ಲ ಎಂದು ತೀರ್ಮಾನವಾಗುತ್ತದೆ, ಬೇರೆ ಊರಿನ ಮೇಸ್ತ್ರಿ ಬರುತ್ತಾನೆ, ಅವನು ತನ್ನ ಗಾಡಿಯವರನ್ನು ತರುತ್ತಾನೆ. ಮುಟ್ಟಿದರೆ, ಆಂಡಿ ಬಾಯಿ ಹಾಕಿದ ಕಬ್ಬಿಗೆ ತಾನು ಬಾಯಿ ಹಾಕಿದಂತೆ, ಅದೂ ತನ್ನವರೆಲ್ಲರ ಕಣ್ಣೆದುರಿಗೆ. ಮುಟ್ಟಿ ತೋರಿಸಿದರೆ ದೊರೆಗೆ ನಂಬಿಕೆ ಬರುತ್ತದೆ, ನಂಬಿಕೆ ಬಂದರೆ ವೇಲುಸಾಮಿಗೆ ಇನ್ನೊಂದು ದಿನ ಕೊಡುತ್ತಾನೆ, ಇಷ್ಟೆಲ್ಲ ಅವನು ಲೆಕ್ಕ ಹಾಕಿದ್ದಿರಬಹುದು. ನನಗೆ ಅನ್ನಿಸುವುದು ಬೇರೆ. ಅವನಿಗೆ ಕೂರಬೇಕಾಗಿತ್ತು. ಅಂಗಳದಾಚೆ ಬೇವಿನ ಮರ ಕಾಣುತ್ತಿತ್ತು.

ತಾತ ಜಗಲಿಗೆ ಹೋದ. ಆಂಡಿಗೆ, "ಸ್ವಲ್ಪ ಅತ್ತ ಜರುಗಪ್ಪ," ಅಂದ. ಹಿಂದೆ ನಿಂತಿದ್ದವರೆಲ್ಲ ಮುಖ ತಿರುಗಿಸಿಕೊಂಡರು. ನನ್ನ ಅಪ್ಪನೂ ತಿರುಗಿಸಿಕೊಂಡ. ತಾತ ದೊಡ್ಡ ತುಂಡು ಮೂಲೆಗೆ ಇಟ್ಟ, ಉದ್ದದ್ದನ್ನು ಅದಕ್ಕೆ ಒತ್ತಿ ಇಟ್ಟ, ಸಣ್ಣವನ್ನು ಸಂದಿಗೆ ಇಳಿಸಿದ. ಮುಚ್ಚಳ ಹಾಕಿದ.

ದೊರೆ ಗಡಿಯಾರ ನೋಡಿದ, ಪೆಟ್ಟಿಗೆ ನೋಡಿದ, ಗಟ್ಟಿಯಾಗಿ ನಕ್ಕುಬಿಟ್ಟ. ಬಂದು ತಾತನ ಕೈ ಹಿಡಿದು ಕುಲುಕಿದ. ಅಷ್ಟು ವರ್ಷದಲ್ಲಿ ದೊರೆ ಅನ್ನಿಸಿಕೊಂಡವನೊಬ್ಬ ಅವನ ಕೈ ಮುಟ್ಟಿದ್ದು ಅದೇ ಮೊದಲು. ಆಮೇಲೆ ರೈಟರಿಗೆ ಬಹಳ ಹೊತ್ತು ಸಂತೋಷದಿಂದ ಏನೇನೋ ಹೇಳಿದ. ರೈಟರ್ ತಮಿಳಿನಲ್ಲಿ ಹೇಳಿದ್ದು ಇದು: ಈ ಸಾಲಿನಲ್ಲಿ ಬುದ್ಧಿ ಇರುವವನು ನೀನೊಬ್ಬ ಎಂದು ಪೆಟ್ಟಿಗೆ ಹೇಳಿದೆ. ಇಂಥವನನ್ನು ಗೋದಾಮಿನ ಬಾಗಿಲಲ್ಲಿ ಕೂರಿಸಿ ಹಾಳುಮಾಡಲು ದೊರೆ ಒಪ್ಪುವುದಿಲ್ಲ. ತಾನಿರುವವರೆಗೂ ಘಾಟಿ ನಿನ್ನದೇ. ಬಾಗಿಲು ತೆರೆದು ಮುಚ್ಚಲು ಬುದ್ಧಿ ಬೇಡ, ಅಲ್ಲಿಗೆ ಮೊದಲು ಧೈರ್ಯ ಮಾಡಿ ಕೈ ಹಾಕಿದ ಆ ಮನುಷ್ಯನೇ ಸಾಕು.

"ಅಯ್ಯಾ, ನನ್ನ ಮಂಡಿ..." ಎಂದು ತಾತ ಶುರುಮಾಡಿದ.

ಮಂಡಿಯ ವಿಷಯ ಇನ್ನೊಂದು ದಿನ ಹೇಳೋಣ, ಈಗ ದೊರೆ ಸಂತೋಷವಾಗಿದ್ದಾರೆ ಎಂದು ರೈಟರ್ ಪೆಟ್ಟಿಗೆ ಎತ್ತಿಕೊಂಡ. ಆ ಇನ್ನೊಂದು ದಿನ ಬರಲಿಲ್ಲ. ಬಿಟ್ಟು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಗದ್ದೆ ಇದ್ದವನಲ್ಲ.

ಆಂಡಿ ಅಂದೇ ಬೇವಿನ ಮರದ ಕೆಳಗೆ ಮುಕ್ಕಾಲಿ ಹಾಕಿಕೊಂಡು ಕೂತ. ನಮ್ಮವರಿಗೆ ಇದರಲ್ಲಿ ಆಶ್ಚರ್ಯಪಡುವುದೇನೂ ಕಾಣಲಿಲ್ಲ. ಮೊದಲು ಮುಟ್ಟಿದವನಿಗೆ ಪಟ್ಟವಾಯಿತು. ಪಟ್ಟದ ಗೂಳಿಗೆ ಯಾರಾದರೂ ನೊಗ ಹೂಡುತ್ತಾರೆಯೇ? ನೆರಳಲ್ಲಿ ನಿಂತು ಮೇಯುವುದೇ ಅದರ ಕೆಲಸ. ಎರಡನೆಯದಾಗಿ ಬಾಯಿ ಹಾಕಿದವನಿಗೆ ನೊಗ ತಪ್ಪಲಿಲ್ಲ, ದೇವರು ಇಷ್ಟಕ್ಕೇ ಬಿಟ್ಟದ್ದು ದೊಡ್ಡದು ಎಂದು ಮಾತಾಡಿಕೊಂಡರು. ದೊರೆಯ ಬಂಗಲೆಯಲ್ಲಿ ಪೆಟ್ಟಿಗೆ ಗೆದ್ದಿತು, ಕಂಬಂನ ಬೀದಿಯಲ್ಲಿ ಕಬ್ಬು ಗೆದ್ದಿತು. ಸೋತವನು ಒಬ್ಬನೇ, ಅವನನ್ನು ಎರಡೂ ಕಡೆಯವರು ಒಂದು ಮಾತೂ ಕೇಳಲಿಲ್ಲ. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ.

ಕೆಲಸಕ್ಕೆ ಸೇರಿಸುವಾಗ ಬುದ್ಧಿ ಅಳೆಯುವುದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಅಳೆಯದ ಕಾಲದಲ್ಲಿ ಕುಡುಕನೊಬ್ಬ ಬಂದು ಜೋಡಿ ಎತ್ತು ಕೊಂದ. ಅಳೆದ ದಿನ ನನ್ನ ಅಪ್ಪನನ್ನು ಅಳೆಯಲೇ ಇಲ್ಲ. ಆ ಘಾಟಿಯಲ್ಲಿ ಅವನಂಥ ಗಾಡಿಯವನು ಇರಲಿಲ್ಲ ಎಂದು ಅವನ ಮೇಲೆ ಜಗಳವಿದ್ದವರೇ ಹೇಳುತ್ತಿದ್ದರು. ದೊರೆಯ ಮನಸ್ಸಿನಲ್ಲಿ ಮಾತ್ರ ಅವನು ಕೊನೆಯವರೆಗೂ ಕೈಮುಗಿದು ನಿಂತ ದಡ್ಡರ ಸಾಲಿನಲ್ಲೇ ಉಳಿದ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಆಮೇಲೆ ಆಯಾಸವಾಗುತ್ತದೆ.

ಅಂದು ಸಂಜೆ ತಾತ ಕಂಬಂಗೆ ನಡೆದು ಬಂದ. ಅಪ್ಪ ಹಿಂದೆ ಹಿಂದೆ ಬಂದ. ಬೀದಿಯ ಕೊನೆಯಲ್ಲಿ ಅಪ್ಪ, "ಮಾಮಾ, ನಾನು ಮುಟ್ಬೇಕಿತ್ತಾ?" ಎಂದು ಕೇಳಿದ. ತಾತ ನಿಂತ. ಅಳಿಯನ ಹೆಗಲ ಮೇಲೆ ಕೈಯೂರಿ ಮಂಡಿಯ ಭಾರ ಇಳಿಸಿಕೊಂಡು, "ಬೇಡಪ್ಪ. ನೀನು ಮುಟ್ಟಿದ್ರೆ ಇವರು ನಿನ್ನ ಇಂದೆ ಗಾಡಿ ಓಡಿಸ್ತಿರಲಿಲ್ಲ," ಅಂದ. ನಾಲ್ಕು ಹೆಜ್ಜೆ ಇಟ್ಟ ಮೇಲೆ, "ಆದ್ರೂ ಮುಟ್ಟಿದ್ರೆ ಚೆನ್ನಾಗಿತ್ತು," ಅಂದ.

ವೆಳ್ಳೈಯಮ್ಮಾಳ್ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಹೂ ಮುಡಿದಿದ್ದಳು. ಅವಳ ಹಿಂದೆ ಪಕ್ಕದ ಮನೆಯ ಹೆಂಗಸರೂ ಇದ್ದರು, ಸುದ್ದಿ ಕೇಳಿಕೊಂಡು ಹೋಗಲು. ತಾತ ಹೊಸಿಲು ದಾಟಿದವನು ನೆಲಕ್ಕೆ ಕೂರಲು ಗೋಡೆ ಹಿಡಿದುಕೊಂಡ.

"ಏನಾತು?" ಎಂದಳು.

"ನಾನು ಬುದ್ಧಿವಂತ ಅಂತ ಆತು."

ಅವಳು ಅವನ ಮುಖವನ್ನು ನೋಡಿದಳು. ಹಿಂದೆ ನಿಂತ ಹೆಂಗಸರಲ್ಲೊಬ್ಬಳು ಖುಷಿಯಿಂದ ಏನೋ ಅನ್ನಲು ಬಾಯಿ ತೆರೆದಳು. ವೆಳ್ಳೈಯಮ್ಮಾಳ್ ಅವಳನ್ನು ತಡೆದಳು.

"ಗಾಡಿ ಯಾವಾಗ ಕಟ್ಟೋದು?"

"ವಿಡಿಯಕ್ಕೆ ಮುನ್ನ, ಕೋಳಿ ಕೂಗೋ ಒತ್ತಿಗೆ."

"ಸರಿ," ಎಂದು ಒಳಗೆ ಹೋಗಿ ಅವನಿಗೆ ಬುತ್ತಿ ಕಟ್ಟಲು ಒಲೆ ಹಚ್ಚಿದಳು.